ಚಟ್ನಿ ಕರಾರು

“ತಡೀ ಆಯಿ, ಸಹಿ ಮಾಡಬ್ಯಾಡ!”

ಪ್ರಜ್ಞಾ ಶಾಲೆಯಿಂದ ಬಂದವಳೇ ಅಜ್ಜಿಯ ಕೈಯಲ್ಲಿದ್ದ ಪೆನ್ನು ಕಸಿದುಕೊಂಡಳು. ಹಿಂದೆಯೇ ತಮ್ಮ ಸಂದೀಪ ಏದುಸಿರು ಬಿಡುತ್ತ ಬಂದ. ಬೆನ್ನಿಗೆ ತನ್ನ ಬ್ಯಾಗು, ಹೊಟ್ಟೆಗೆ ಅಕ್ಕನ ಬ್ಯಾಗು. ನಡುವೆ ಹುಡುಗ ಎಲ್ಲಿದ್ದಾನೆಂದು ಹುಡುಕಬೇಕು!

ಕೆಂಪವ್ವಜ್ಜಿಯ ಶೇಂಗಾ ಚಟ್ನಿ ಎಂದರೆ ಮುನವಳ್ಳಿಯಲ್ಲಿ ಎಲ್ಲರೂ ಬಾಯಿ ಚಪ್ಪರಿಸುತ್ತಾರೆ. ಧಾರವಾಡದ ಅಂಗಡಿಯೊಂದು ಅದನ್ನು ಮಾರಲು ಮುಂದೆ ಬಂದಿತ್ತು. ಅಂಗಡಿಯ ಕಾಂತೇಶ ಕರಾರುಪತ್ರ ತಂದಿದ್ದ. ಕಟ್ಟೆಯ ಮೇಲೆ ಕುಳಿತು ಅದೇ ಚಟ್ನಿಯ ಜೊತೆ ಮೂರನೇ ರೊಟ್ಟಿ ಮುಗಿಸುತ್ತಿದ್ದ.

“ಓದಲಾರ್ದ ಸಹಿ ಮಾಡಬಾರದಂತ ಟೀಚರ್ ಹೇಳ್ಯಾರ,” ಎಂದಳು ಪ್ರಜ್ಞಾ.

“ನಾಕ್ ಹಾಳಿ ಅದಾವು, ಯಾರ್ ಓದ್ತಾರವ್ವಾ? ವಕೀಲರನ್ನ ಕೇಳಾಕ ಸವದತ್ತಿಗೆ ಹೋಗಬೇಕು.”

“ಫೋನ್ ಓದತೈತಿ ಆಯಿ. ಎಐ!”

ಪ್ರಜ್ಞಾ ಅವ್ವನ ಫೋನಿನಲ್ಲಿ ನಾಲ್ಕೂ ಹಾಳೆಗಳ ಫೋಟೋ ಹೊಡೆದಳು. ಅಜ್ಜಿ ಸೆರಗು ಸರಿಮಾಡಿಕೊಂಡು, “ನಮಸ್ಕಾರ್ರೀ ವಕೀಲ್ರ, ಚಾ ಕುಡೀತೀರೇನ್ರಿ?” ಎಂದು ಫೋನನ್ನು ಕೇಳಿದಳು.

ಫೋನು ಚಹಾ ಬೇಡವೆಂದಿತು. ಆಮೇಲೆ, “ಆರನೇ ಷರತ್ತು ನೋಡಿ. ಸಹಿ ಮಾಡಿದ ಮೇಲೆ ಕೆಂಪವ್ವನವರು ಅಂಗಡಿಯನ್ನು ಬಿಟ್ಟು ಬೇರೆ ಯಾರಿಗೂ ಚಟ್ನಿ ಕೊಡುವಂತಿಲ್ಲ,” ಎಂದಿತು.

“ಮಗ್ಗಲಮನಿ ರಾಮವ್ವಗೂ?”

“ಇಲ್ಲಿ ಬರೆದ ಪ್ರಕಾರ ಕೊಡುವಂತಿಲ್ಲ.”

“ನನ್ನ ಮೊಮ್ಮಕ್ಕಳಿಗೆ?”

“ಅವರಿಗೂ ಇಲ್ಲ.”

ಸಂದೀಪ ಎರಡೂ ಬ್ಯಾಗುಗಳ ಸಮೇತ ಭೋರೆಂದು ಅತ್ತ.

ಅಷ್ಟರಲ್ಲೇ ರಾಮವ್ವ ಬಾಗಿಲಿಗೆ ಬಂದಳು. “ಯಕ್ಕಾ, ನಿನ್ನ ಚಟ್ನಿ ಡಬ್ಬಿ ತಗೋ. ಖಾಲಿ ಹೆಂಗ ಕೊಡೂದಂತ ಉಂಡಿ ಹಾಕೀನಿ.”

“ನೋಡಪಾ ತಮ್ಮಾ!” ಅಜ್ಜಿ ಕಾಂತೇಶನತ್ತ ತಿರುಗಿದಳು. “ನಾಳೆ ಈಕಿ ಡಬ್ಬಿ ನಮ್ಮನಿಗೆ ಬಂದ್ರ ನಾ ಖಾಲಿ ಕಳಸಬೇಕೇನು? ನಾಚಿಕಿಲೆ ಮಾರಿ ಎಲ್ಲಿ ಮುಚ್ಕೊಳ್ಲಿ? ಹಂಗಾದ್ರ ನಿನ್ನ ತಾಟಿನ್ಯಾಗಿನ ಚಟ್ನೀನೂ ತಗದಿಡು. ನೀ ಏನ್ ಅಂಗಡಿ ಅಲ್ಲಲ್ಲ!”

ಕಾಂತೇಶ ಗಾಬರಿಯಾಗಿ ತಾಟನ್ನು ಬೆನ್ನ ಹಿಂದೆ ಬಚ್ಚಿಟ್ಟ. “ಎಲ್ಲಾರಿಗೂ ಇದ ಹಾಳಿ ಕೊಡ್ತೀವ್ರಿ ಅಜ್ಜಿ. ಖರೇ ಹೇಳಬೇಕಂದ್ರ, ನಾನೂ ಓದಿಲ್ರಿ.”

ಅವನು ಮಾಲಕರಿಗೆ ಫೋನ್ ಮಾಡಿದ. ಅವರು ಒಪ್ಪಿದರು. ‘ಮನೆಯವರಿಗೂ ನೆರೆಯವರಿಗೂ ಮನೆಗೆ ಬಂದವರಿಗೂ ಕೊಡಬಹುದು’ ಎಂದು ಕಾಂತೇಶ ಹಾಳೆಯ ಮೇಲೆ ಬರೆದ. ಅಜ್ಜಿ ಸಹಿ ಮಾಡಿದಳು, ತಾಟು ಮತ್ತೆ ಮುಂದೆ ಬಂತು.

ಸಂದೀಪ ಕಣ್ಣೊರೆಸಿಕೊಂಡು ಚಡ್ಡಿಯ ಕಿಸೆಯಿಂದ ಮಡಚಿದ ಹಾಳೆಯೊಂದನ್ನು ತೆಗೆದ. “ವಕೀಲ್ರ, ಇದನ್ನೂ ನೋಡ್ರಿ.”

ಅದು ಪ್ರಜ್ಞಾಳದೇ ಅಕ್ಷರ. ‘ಸಂದೀಪ ದಿನಾಲೂ ಅಕ್ಕನ ಬ್ಯಾಗು ಹೊರಬೇಕು. ಅಕ್ಕ ಸಾಕು ಅನ್ನುವವರೆಗೆ.’ ಕೆಳಗೆ ಸಂದೀಪನ ನೀಲಿ ಹೆಬ್ಬೆಟ್ಟು.

ಕಾಂತೇಶನೇ ಫೋಟೋ ಹೊಡೆದ. “ಇದರಲ್ಲಿ ಸಂದೀಪನಿಗೆ ಏನು ಸಿಗುತ್ತದೆ ಎಂದು ಬರೆದಿಲ್ಲ,” ಎಂದಿತು ಫೋನು.

“ಏನ್ ಕೊಡ್ತೇನಿ ಅಂದಿದ್ಲೋ ನಿಮ್ಮಕ್ಕ?” ಅಜ್ಜಿ ಕೇಳಿದಳು.

“ಏನೂ ಅಂದಿಲ್ಲ. ಅಕ್ಕ ಒತ್ತು ಅಂದ್ಲು, ಒತ್ತಿದೆ.”

ಯಾರೂ ನಗಲಿಲ್ಲ. ಬರೆದದ್ದನ್ನು ಹೊಡೆದುಹಾಕಲು ಕಾಂತೇಶ ಪ್ರಜ್ಞಾಳತ್ತ ಪೆನ್ನು ಚಾಚಿದ.

ಪ್ರಜ್ಞಾ ಪೆನ್ನು ತೆಗೆದುಕೊಳ್ಳಲಿಲ್ಲ. ಮೊದಲು ತಮ್ಮನ ಹೊಟ್ಟೆಯ ಮೇಲಿದ್ದ ಬ್ಯಾಗನ್ನು ಬಿಡಿಸಿ ತನ್ನ ಹೆಗಲಿಗೆ ಹಾಕಿಕೊಂಡಳು. ಅದು ಇಷ್ಟು ಭಾರ ಎಂಬುದು ಅವಳಿಗೆ ಮರೆತೇಹೋಗಿತ್ತು.