ಗುಡ್ಡದಿಂದ ಬಂದ ಕುಡಿಗಳು

"ಇದೂ ಅದೇ!"

ಅಜ್ಜಮ್ಮ ಬುಟ್ಟಿಯಿಂದ ಒಂದು ಕುಡಿ ಎತ್ತಿ, ಮೂಸಿ, ಅಂಗಳಕ್ಕೆ ಎಸೆದಳು. ಇನ್ನೊಂದು ಎತ್ತಿದಳು. ಅದನ್ನೂ ಎಸೆದಳು.

"ಇದೂ ಅದೇ! ಇದೂ ಅದೇ! ಏನೇ ಕೆಂಪೀ, ಬುಟ್ಟಿ ತುಂಬಾ ಬರೀ ಲಂಟಾನ ತುಂಬ್ಕೊಂಡು ಬಂದೀಯಲ್ಲೇ!"

ಕೆಂಪಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಕೈಕಾಲೆಲ್ಲ ಮುಳ್ಳು ಪರಚಿ ಕೆಂಪು ಗೆರೆ ಎದ್ದಿದ್ದವು. ಬೆಳಿಗ್ಗೆಯೇ ಗುಡ್ಡದ ಬುಡ ಸುತ್ತಿ, ಬಿಸಿಲಲ್ಲಿ ಬೆವರಿ ತಂದ ಬುಟ್ಟಿ ಅದು. ಶಭಾಷ್ ಅನ್ನುವುದು ಹೋಗಲಿ, ಒಂದು ಲೋಟ ಮಜ್ಜಿಗೆಯನ್ನೂ ಯಾರೂ ಕೊಟ್ಟಿರಲಿಲ್ಲ.

"ಅದೇ ಹೆಂಗಾಗತೈತೆ ಅಜ್ಜಿ? ಅದಕ್ಕೆ ಹಳದಿ ಹೂವು. ಇದಕ್ಕೆ ಗುಲಾಬಿ ಬಣ್ಣದ್ದು. ಅಗೋ, ಅದಕ್ಕೆ ಕೇಸರಿ. ಮೂರು ಬಗೆ ಐತೆ!"

"ನಾನು ಮೂರು ಸೀರೆ ಉಟ್ಟು ಬಿಚ್ಚಿದ್ರೆ ನಿನಗೆ ಮೂರು ಮಂದಿ ಅಜ್ಜೀರು ಆಗ್ತಾರೇನೇ? ಎಲೆ ಮೂಸು. ಮೂಸೇ!"

ಕೆಂಪಿ ಮೂಸಿದಳು. ಮೂರಕ್ಕೂ ಒಂದೇ ಘಾಟು ವಾಸನೆ. ಎಲೆಯೂ ಒಂದೇ ತರಹ ಒರಟು. ಆದರೂ ಒಪ್ಪಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

ನಾಳೆ ಸೀಗೆ ಹುಣ್ಣಿಮೆ. ಗೋವಿನಕೋವಿ ಊರಿನ ಮನೆಮನೆಯಲ್ಲೂ ಅಡುಗೆಯ ಗಡಿಬಿಡಿ. ಹೊಲದಲ್ಲಿ ಜೋಳ ತೆನೆ ಒಡೆಯುವ ಹೊತ್ತು ಅದು. ಭೂಮಿತಾಯಿ ಬಸುರಿ ಎನ್ನುತ್ತಾರೆ. ಬಸುರಿಯ ಬಯಕೆ ತೀರಿಸಬೇಡವೇ? ಅದಕ್ಕೇ ಗುಡ್ಡದಿಂದ ಬಗೆಬಗೆಯ ಗಿಡಮರಗಳ ಕುಡಿ ಚಿವುಟಿ ತರಬೇಕು. ಅವನ್ನು ಸೊಪ್ಪು, ಕುಂಬಳಕಾಯಿ, ನುಚ್ಚಿನ ಜೊತೆ ಬೇಯಿಸಿದರೆ ಹಚ್ಚಂಬಲಿ. ಬೆಳಗಾಗುತ್ತಲೇ ಅದನ್ನು ಹೊಲದ ತುಂಬಾ ಬೀರಬೇಕು.

ಪ್ರತಿ ವರ್ಷ ಕುಡಿ ತರುತ್ತಿದ್ದವಳು ಅಜ್ಜಮ್ಮನೇ. ಈ ಸಲ ಅವಳ ಮೊಣಕಾಲು ಊದಿ ಕುಂಬಳಕಾಯಿಯಾಗಿತ್ತು. ಅವ್ವ ಬೀಸುಕಲ್ಲು ಬಿಟ್ಟು ಏಳುವಂತಿರಲಿಲ್ಲ. ಅಪ್ಪ ಮರುಳಸಿದ್ದಪ್ಪ ಹಕ್ಕಿ ಕಾಯಲು ಹೊಲದಲ್ಲಿದ್ದ. ಆಗ "ನಾನು ತರ್ತೀನಿ" ಎಂದು ಹಾರಿ ನಿಂತವಳು ಕೆಂಪಿಯೇ. ಮೂರನೇ ಕ್ಲಾಸಿನಲ್ಲಿ ಎಲ್ಲರಿಗೂ ಜಂಬ ಕೊಚ್ಚಿಕೊಂಡೂ ಆಗಿತ್ತು, ಈ ಸಲ ನಮ್ಮ ಹೊಲಕ್ಕೆ ಕುಡಿ ತರುವವಳು ನಾನೇ ಅಂತ.

"ಹಾಕ್ಬಿಡು ಅಜ್ಜಿ. ಬೆಂದ ಮ್ಯಾಲೆ ಯಾರಿಗೆ ಗೊತ್ತಾಗತೈತೆ?"

ಅಜ್ಜಮ್ಮನ ಕಣ್ಣು ದೊಡ್ಡದಾಯಿತು. "ಇದನ್ನ ತಿಂದ ನಮ್ಮ ಗೌರಿ ಎಮ್ಮೆ ಕಣ್ಣು ಹಳದಿಯಾಗಿ, ಮೂಗಿನ ಚರ್ಮ ಸುಲಿದು ಸತ್ತಿದ್ದು ಮರೆತ್ಯಾ? ಬಸುರಿಗೆ ವಿಷ ಉಣ್ಣಿಸ್ತೀಯೇನೇ? ಹಚ್ಚಂಬಲಿ ನಾವೂ ಉಣ್ಣಬೇಕು, ಅದೂ ತಲೆಯಾಗೆ ಇರ್ಲಿ. ನಡಿ, ಇನ್ನೊಂದು ಸಲ ಹೋಗು. ಸೊಂಟದೆತ್ತರದ ಗಿಡ ನೋಡಿ ಉಗುರಲ್ಲಿ ಚಿವುಟು. ಕಬ್ಬಿಣ ಮುಟ್ಟಿಸಬ್ಯಾಡ. ಹೊನ್ನೆ, ಮತ್ತಿ, ನೆಲ್ಲಿ, ಕವಳೆ, ಕಾರೆ, ಬಿಕ್ಕೆ, ಜಾನೆ, ಕಕ್ಕೆ... ಒಂದೊಂದು ಹಿಡಿ ಬಂದ್ರೂ ಸಾಕು."

"ಇನ್ನೊಂದು ಸಲವಾ?"

"ಹೊತ್ತು ಮುಳುಗೋದ್ರೊಳಗೆ."

ಕೆಂಪಿ ಬುಟ್ಟಿಯನ್ನು ಒದ್ದಳು. ಆಮೇಲೆ ಅದನ್ನೇ ಎತ್ತಿಕೊಂಡು ಹೊರಟಳು.

ಜೊತೆಗೆ ಚಿಕ್ಕಪ್ಪನ ಮಗ ಗಾದ್ರಿಯನ್ನು ಎಳೆದುಕೊಂಡಳು. ಅವನ ಪೂರ್ತಿ ಹೆಸರು ಗಾದ್ರಪ್ಪ. ಅವಳಿಗಿಂತ ಒಂದು ವರ್ಷ ಚಿಕ್ಕವನು, ಬಾಯಿ ಮಾತ್ರ ನಾಲ್ಕು ವರ್ಷ ದೊಡ್ಡದು.

"ಲಂಟಾನ ಹಣ್ಣು ತಿನ್ನಾಕೆ ಬಿಟ್ರೆ ಬರ್ತೀನಿ" ಎಂದ.

"ಅದರ ಹೆಸರೆತ್ತಬ್ಯಾಡ. ಒದೀತೀನಿ!"

ಗುಡ್ಡದ ಬುಡದಲ್ಲಿ ಕಾಡು ಕಾಯುವ ಗಾರ್ಡು ಬೆನಕಪ್ಪ ಸಿಕ್ಕ. ಮಹಾರಾಜರ ಸರ್ಕಾರದ ಹಿತ್ತಾಳೆ ಬಿಲ್ಲೆಯ ಬೆಲ್ಟು ಬಿಗಿದುಕೊಂಡು ಕಲ್ಲಿನ ಮೇಲೆ ಕೂತು, ಅಂಗೈಗೆ ಹೊಕ್ಕ ಮುಳ್ಳು ತೆಗೆಯುತ್ತಿದ್ದ. ಎದುರಿಗೆ ಲಂಟಾನದ ಪೊದೆ ಗೋಡೆಯಂತೆ ನಿಂತಿತ್ತು.

"ಬೆನಕಪ್ಪಣ್ಣ, ಹುಣ್ಣಿಮೆಗೆ ಕುಡಿ ಬೇಕಿತ್ತು ರೀ. ಒಳಗೆ ಹೋಗ್ಲಾ?" ಎಂದು ಕೇಳಿದಳು ಕೆಂಪಿ.

"ಹೋಗು ತಾಯಿ. ನಾನು ಹೂಂ ಅಂದ್ರೂ ಇದು ಬಿಡಾಕಿಲ್ಲ" ಎಂದು ಅವನು ಪೊದೆ ತೋರಿಸಿದ. "ಹೋದ ವರ್ಷ ಆಳು ಹಚ್ಚಿ ಕಡಿಸಿದ್ದೆ. ಈ ವರ್ಷ ನನ್ನ ತಲೆ ಮ್ಯಾಲೆ ಬಂದೈತೆ. ಸುಟ್ರೆ ಬುಡದಿಂದ ಚಿಗುರತೈತೆ. ಹಕ್ಕಿ ಹಣ್ಣು ತಿಂದು ಎಲ್ಲಿ ಕುಂತ್ರೆ ಅಲ್ಲಿ ಹುಟ್ಟತೈತೆ. ಹಿಂದೆ ಯಾರೋ ದೊರೆ ಹೂವು ಚಂದ ಅಂತ ಸಮುದ್ರದಾಚೆಯಿಂದ ತರಿಸಿದನಂತೆ. ನೋಡಿದ್ರಾ ಚಂದಾವ?"

ಗಾದ್ರಿ ನಕ್ಕ. "ದೊರೆ ಮುಳ್ಳು ತೆಗೆಯಾಕೆ ಬರಲಿಲ್ವಾ?"

"ಬಾಯಿ ಮುಚ್ಕೊಂಡು ನಡೀಯಲೇ!" ಎಂದು ಬೆನಕಪ್ಪ ಗದರಿದ.

ಮೇಲೆ ಹತ್ತಲು ದಾರಿಯೇ ಇರಲಿಲ್ಲ. ಅಜ್ಜಿ ಪ್ರತಿ ವರ್ಷ ಹೋಗುತ್ತಿದ್ದ ಕಾಲುದಾರಿ ಪೊದೆಯೊಳಗೆ ಮುಳುಗಿಹೋಗಿತ್ತು. ಕೆಂಪಿಯ ಲಂಗ ಒಂದು ಕಡೆ ಸಿಕ್ಕಿಕೊಂಡರೆ ಜಡೆ ಇನ್ನೊಂದು ಕಡೆ ಸಿಕ್ಕಿಕೊಳ್ಳುತ್ತಿತ್ತು. ಬಿಡಿಸಿಕೊಳ್ಳುತ್ತಾ, ಬೈಯುತ್ತಾ, ಬೈದು ಸುಸ್ತಾಗಿ ನಿಲ್ಲುತ್ತಾ ಅವಳು ನಡೆದಳು. ಎಡಕ್ಕೆ ನೋಡಿದರೂ ಅದೇ ಹೂವು. ಬಲಕ್ಕೆ ನೋಡಿದರೂ ಅದೇ.

ಕೊನೆಗೊಂದು ಹೊನ್ನೆ ಮರ ಸಿಕ್ಕಿತು. ದೊಡ್ಡ ಮರ. ಅದರ ಕುಡಿಗಳೆಲ್ಲ ಆಕಾಶದಲ್ಲಿ ತೂಗುತ್ತಿದ್ದವು.

"ಮನೆಗೆ ಹೋಗಿ ದೋಟಿ ತರೋಣ. ಅದರ ತುದಿಗೆ ಕುಡುಗೋಲು ಐತೆ" ಎಂದ ಗಾದ್ರಿ.

"ಕಬ್ಬಿಣ ಮುಟ್ಟಿಸಂಗಿಲ್ಲ ಅಂತ ಅಜ್ಜಿ ಹೇಳ್ಯಾಳೆ."

"ಹಂಗಾದ್ರೆ ನಿಮ್ಮಜ್ಜೀನೇ ಹತ್ತಲಿ."

"ನಿನಗೂ ಅಜ್ಜೀನೇ ಅಲ್ವೇನೋ? ಹತ್ತು!"

ಗಾದ್ರಿ ಹತ್ತಿದ. ಕೆಂಪಿ ಕೆಳಗೆ ನಿಂತು ಸುತ್ತ ಕಣ್ಣಾಡಿಸಿದಳು. ಸೊಂಟದೆತ್ತರದ ಗಿಡ ಅಂದಿದ್ದಳಲ್ಲ ಅಜ್ಜಿ? ಎಲ್ಲಿವೆ? ಇಷ್ಟು ದೊಡ್ಡ ಮರದ ಕೆಳಗೆ ಹೊನ್ನೆಯ ಒಂದು ಮರಿಯೂ ಇಲ್ಲ! ಸುಳ್ಳು ಹೇಳಿ ಕಳಿಸಿದಳಲ್ಲ ಎಂದು ಅವಳಿಗೆ ಉರಿದುಹೋಯಿತು.

ಪೊದೆಯಡಿ ಹಂದಿ ನುಗ್ಗಿ ಮಾಡಿದ ಒಂದು ಸಂದಿ ಇತ್ತು. ಅಲ್ಲಿ ಇರಬಹುದೇನೋ ಎಂದು ಅವಳು ಮೊಣಕಾಲೂರಿ ಒಳಗೆ ತೂರಿದಳು.

ಒಳಗೆ ಸಂಜೆಯಂತೆ ಕತ್ತಲು. ಹುಲ್ಲಿನ ಒಂದು ಎಸಳೂ ಇಲ್ಲ. ಒಣ ತರಗಿನ ಮೇಲೆ ಸಣ್ಣ ಹಪ್ಪಳದಂಥ ಹೊನ್ನೆ ಬೀಜಗಳು ಬಿದ್ದಿದ್ದವು. ಬಹಳ ಬಿದ್ದಿದ್ದವು. ಕೆಲವು ಮಳೆಗೆ ಮೊಳೆತೂ ಇದ್ದವು. ಆದರೆ ಆ ಮೊಳಕೆಗಳು ದಾರದಷ್ಟು ಸಣ್ಣ. ಬೆಳಕು ಹುಡುಕಿ ಹುಡುಕಿ ಉದ್ದವಾಗಿ, ಬಿಳಿಚಿ, ಬಗ್ಗಿ ಬಿದ್ದಿದ್ದವು. ಕೆಂಪಿ ಒಂದನ್ನು ಬೆರಳಿನಿಂದ ಎತ್ತಿ ನಿಲ್ಲಿಸಿದಳು. ಕೈಬಿಟ್ಟ ಕೂಡಲೇ ಅದು ಮತ್ತೆ ಮಲಗಿತು.

ಇನ್ನೊಂದನ್ನು ಎತ್ತಿದಳು, ಅದೂ ಮಲಗಿತು.

ಮೇಲಿಂದ ಧೊಪ್ಪೆಂದು ಸದ್ದಾಯಿತು. "ಅಯ್ಯಯ್ಯೋ, ಸತ್ತೇ!"

ಕೆಂಪಿ ಹೊರಗೆ ಬಂದು ನೋಡಿದರೆ ಗಾದ್ರಿ ಲಂಟಾನದ ಪೊದೆಯ ಮೇಲೆ ಅಂಗಾತ ಬಿದ್ದಿದ್ದ. ಎರಡು ಕೈಯಲ್ಲೂ ಹೊನ್ನೆ ಕುಡಿ ಭದ್ರವಾಗಿದ್ದವು. "ಈ ಗಿಡ ಇದ್ದಿದ್ದಕ್ಕೆ ಸೊಂಟ ಉಳೀತು ನೋಡು" ಎಂದು ನರಳಿದ.

"ಅದನ್ನ ಹೊಗಳಿದ್ಯೋ, ಅಲ್ಲೇ ಬಿಟ್ಟು ಹೋಗ್ತೀನಿ!"

ಮತ್ತಿಯ ಕುಡಿಗೂ ಮರವನ್ನೇ ಹತ್ತಬೇಕಾಯಿತು. ನೆಲ್ಲಿ ಮರದ ಒಂದು ಟೊಂಗೆ ಕೈಗೆ ಎಟುಕಿತು. ಕಕ್ಕೆಯೂ ಸಿಕ್ಕಿತು. ಮೇಲಿನ ಬಂಡೆಗಲ್ಲಿನ ಬಿರುಕಿನಲ್ಲಿ ಒಂದು ಕಾರೆ, ಒಂದು ಬಿಕ್ಕೆ ಬದುಕಿದ್ದವು. ಅಷ್ಟು ಬರೀ ಕಲ್ಲಿನಲ್ಲಿ ಬೇರೂರಲು ಲಂಟಾನಕ್ಕೂ ಆಗಿರಲಿಲ್ಲ. ಕೆಂಪಿ ಅವೆರಡರಿಂದಲೂ ಒಂದೊಂದೇ ಕುಡಿ ಚಿವುಟಿದಳು.

"ಹಿಡಿ ತುಂಬಾ ಕಿತ್ಕೊಳ್ಳೇ. ಅಜ್ಜಿ ಬೈತಾಳೆ" ಎಂದ ಗಾದ್ರಿ.

"ಬೈಲಿ" ಎಂದಳು ಕೆಂಪಿ.

ಹೊತ್ತು ಮುಳುಗುವಾಗ ಬುಟ್ಟಿ ಅಜ್ಜಮ್ಮನ ಮುಂದೆ ಇತ್ತು. ಅಜ್ಜಮ್ಮ ಒಳಗೆ ಇಣುಕಿದಳು. ಬುಟ್ಟಿಯ ತಳ ಕಾಣುತ್ತಿತ್ತು.

"ಇಷ್ಟೇನಾ? ಕವಳೆ ಎಲ್ಲಿ? ಜಾನೆ ಎಲ್ಲಿ? ಕಾರೆ ಒಂದೇ ಕುಡಿನಾ? ಆಟ ಆಡಾಕೆ ಹೋಗಿದ್ರೇನು ಇಬ್ರೂ?"

ಕೆಂಪಿಗೆ ತಡೆಯಲಾಗಲಿಲ್ಲ. "ಇಲ್ಲ ಅಜ್ಜಿ! ಇಲ್ಲ ಅಂದ್ರೆ ಇಲ್ಲ! ಸೊಂಟದೆತ್ತರದ ಗಿಡ ಅಂತೆ! ಒಂದು ತೋರಿಸು ಬಾ ನೋಡಾನ! ಮರ ಅದಾವೆ, ಮರಿ ಇಲ್ಲ. ಬೀಜ ಬೀಳ್ತಾವೆ, ಅದರ ಕತ್ತಲಾಗೆ ಸಾಯ್ತಾವೆ. ನೀನು ಹೋಗ್ತಿದ್ದ ಗುಡ್ಡವೇ ಬ್ಯಾರೆ ಇರ್ಬೇಕು!"

ಹೇಳುತ್ತಾ ಹೇಳುತ್ತಾ ಅವಳಿಗೆ ಅಳು ಬಂತು. ಅಳು ಬಂದಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಹೋದ ವರ್ಷ ಹಳ್ಳದ ಮೂಲೆಯಾಗೆ ಒಂದು ಕವಳೆ ಗಿಡ ಇತ್ತಲ್ಲೇ" ಎಂದಳು ಅಜ್ಜಮ್ಮ ಮೆಲ್ಲಗೆ.

"ಅಲ್ಲೂ ಹೋಗಿದ್ವಿ. ಈಗ ಅಲ್ಲೂ ಅದೇ ಐತೆ."

ಅಜ್ಜಮ್ಮ ಬುಟ್ಟಿ ಹತ್ತಿರಕ್ಕೆ ಎಳೆದುಕೊಂಡಳು. ಆ ಒಂದಿಷ್ಟು ಕುಡಿಗಳನ್ನು ನೀರಿನಲ್ಲಿ ಎಷ್ಟು ಹೊತ್ತು ತೊಳೆದಳೆಂದರೆ, ಒಳಗಿನಿಂದ ಅವ್ವ "ಒಲೆ ಹತ್ತಿ ಆಗ್ಲೇ ಎಷ್ಟೊತ್ತಾತು ಅತ್ತೆಮ್ಮಾ" ಎಂದು ಎರಡು ಸಲ ಕೂಗಬೇಕಾಯಿತು.

ಮರುದಿನ ಮೂಡಲು ಕೆಂಪಗಾಗುವಾಗ ಎಲ್ಲರೂ ಹೊಲದಲ್ಲಿದ್ದರು. ಅಜ್ಜಮ್ಮನನ್ನು ಗಾಡಿಯಲ್ಲಿ ಕರೆತಂದು ಬದುವಿನ ಮೇಲೆ ಕೂರಿಸಿದ್ದರು. ಅಪ್ಪ ಹಚ್ಚಂಬಲಿಯ ಬುಟ್ಟಿ ಸೊಂಟಕ್ಕೆ ಆನಿಸಿಕೊಂಡು ಜೋಳದ ಸಾಲಿನಲ್ಲಿ ಬೀರುತ್ತಾ ಕೂಗಿದ:

"ಗುಡ್ಡದ ಕುಡಿಯೆಲ್ಲಾ ಬಂದೈತವ್ವೋ!"

"ಉಣ್ಣವ್ವೋ!" ಎಂದು ಹಿಂದೆ ಬರುವ ಮಕ್ಕಳು ಕೂಗಬೇಕು. ಪ್ರತಿ ವರ್ಷ ಕೆಂಪಿಯ ದನಿಗೆ ಪಕ್ಕದ ಹೊಲದ ಎತ್ತು ಬೆದರುತ್ತಿದ್ದವು. ಈ ಸಲ ಗಾದ್ರಿ ಒಬ್ಬನೇ ಕೂಗಿದ.

ಅಪ್ಪ ತಿರುಗಿ ನೋಡಿದ. "ಯಾಕೇ? ಗಂಟಲು ಕಟ್ಟೈತಾ?"

"ಎಲ್ಲಾ ಬಂದಿಲ್ಲಪ್ಪ."

"ಅದು ಕೂಗೋ ಪದ್ಧತಿ ಕಣೇ. ಕೂಗು."

"ಬಂದಿಲ್ಲ ಅಂದ್ಮ್ಯಾಲೆ ಬಂದೈತೆ ಅಂತ ಹೆಂಗೆ ಕೂಗೋದು?"

"ಹುಣ್ಣಿಮೆ ದಿನಾನೂ ವಾದ ಮಾಡ್ತೀಯಲ್ಲೇ!" ಅಪ್ಪನ ದನಿ ಏರಿತು. ಅವನು ಬದುವಿನ ಕಡೆ ನೋಡಿದ, ಅಜ್ಜಿಯಾದರೂ ನಾಲ್ಕು ಬೈಯಲಿ ಎಂದು.

ಅಜ್ಜಮ್ಮ ಬೈಯಲಿಲ್ಲ. "ಬುಟ್ಟಿ ಅವಳ ಕೈಗೆ ಕೊಡು ಮರುಳಸಿದ್ದಾ" ಎಂದಳು. "ತಂದೋಳು ಅವಳು. ಬಂದಿದ್ದು ಏನು ಅಂತ ಅವಳಿಗೇ ಗೊತ್ತು."

ಕೆಂಪಿ ಬುಟ್ಟಿ ಹಿಡಿದು ಸಾಲಿನಲ್ಲಿ ನಡೆದಳು. ಇಬ್ಬನಿಗೆ ಜೋಳದ ಗರಿ ತಣ್ಣಗಿದ್ದವು. ಒಂದು ಹಿಡಿ ಬೀರಿದಳು.

"ಹೊನ್ನೆ ಬಂದೈತವ್ವೋ!"

"ಉಣ್ಣವ್ವೋ!" ಎಂದ ಗಾದ್ರಿ.

"ಮತ್ತಿ ಬಂದೈತವ್ವೋ!"

"ಉಣ್ಣವ್ವೋ!"

ನೆಲ್ಲಿ ಬಂತು. ಕಕ್ಕೆ ಬಂತು. ಬಂಡೆಗಲ್ಲಿನ ಕಾರೆ ಬಂತು. ಬಿಕ್ಕೆ ಬಂತು. ಪ್ರತಿ ಹೆಸರಿಗೂ ಗಾದ್ರಿ ಗಂಟಲು ಹರಿಯುವಂತೆ ಕೂಗಿದ.

ಕೆಂಪಿ ಮತ್ತೊಂದು ಹಿಡಿ ತುಂಬಿಕೊಂಡು ಬಾಯಿ ತೆರೆದಳು. ಹೇಳಲು ಹೆಸರಿರಲಿಲ್ಲ. ತಲೆಯೆತ್ತಿ ನೋಡಿದರೆ ಹೊಲ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

ಗಾದ್ರಿ ಕೂಗಲು ಉಸಿರು ಕಟ್ಟಿಕೊಂಡು ಕಾದ. ಆಮೇಲೆ ಅವನೂ ಬುಟ್ಟಿಗೆ ಕೈ ಹಾಕಿದ.

ಉಳಿದ ಸಾಲುಗಳಿಗೆ ಇಬ್ಬರೂ ಮಾತಿಲ್ಲದೆ ಬೀರುತ್ತಾ ಹೋದರು.