ಲೈನಕ್ಕನ ಕಂಬಗಳು

"ಕಂಬಗಳ ಹೊಸ ನಂಬರ್ ತಗಡು ಮಾಡಿದ ಮಹಾನುಭಾವರು ಯಾರು?"

ಬೋರ್ಡಿನಂಗಡಿಯ ಬಾಗಿಲಲ್ಲಿ ನಿಂತು ಹಾಗೆ ಕೇಳಿದವಳನ್ನು ಊರೆಲ್ಲ ಲೈನಕ್ಕ ಎಂದೇ ಕರೆಯುತ್ತಿತ್ತು. ವಿದ್ಯುತ್ ಕಚೇರಿಯಲ್ಲಿ ಕಂಬ ಹತ್ತುವವರ ಪೈಕಿ ಅವಳೊಬ್ಬಳೇ ಹೆಣ್ಣು. ಸೊಂಟದಲ್ಲಿ ಸೇಫ್ಟಿ ಬೆಲ್ಟು, ಕೆನ್ನೆಯ ಮೇಲೊಂದು ಗ್ರೀಸಿನ ಗೆರೆ, ಕಣ್ಣಲ್ಲಿ ಕೆಂಡ.

ಅಂಗಡಿಯವನು ಕೈಲಿದ್ದ ಕತ್ತರಿ ಕೆಳಗಿಟ್ಟು ಎದ್ದ. "ನಾನೇ. ಏನಾಯ್ತು ಮೇಡಂ?"

"ನೂರಾ ಹದಿನೇಳನೇ ಕಂಬದಲ್ಲಿ ಕಿಡಿ ಹಾರ್ತಿದೆ ಅಂತ ಯಾರೋ ತಗಡಿನ ಮೇಲಿರೋ ನಿಮ್ಮ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರು. ನನ್ನ ಫೋನಿಗೆ ಲೊಕೇಶನ್ ಬಂತು. ನಂಬಿ ಓಡಿದೆ. ಮ್ಯಾಪು ನನ್ನನ್ನ ಬೇಕರಿ ಹಿಂದೆ ನಿಲ್ಲಿಸ್ತು. ಕಿಡಿ ಇದ್ದಿದ್ದು ಎರಡು ಬೀದಿ ಆಚೆ, ಹೊಲಿಗೆ ಕ್ಲಾಸಿನ ಮುಂದೆ! ಅಲ್ಲಿಗೆ ಹೋಗೋಷ್ಟರಲ್ಲಿ ಜನ ಏನಂದ್ರು ಗೊತ್ತಾ? 'ಹೆಂಗಸಲ್ವಾ, ದಾರಿ ತಪ್ಪಿರ್ಬೇಕು' ಅಂತ!"

ಒಂಬತ್ತು ವರ್ಷದ ಕೆಲಸದಲ್ಲಿ ಒಮ್ಮೆಯೂ ದಾರಿ ತಪ್ಪಿದವಳಲ್ಲ ಅವಳು.

ಅವನು ಪಟ್ಟಿ ತೆಗೆದು ನೋಡಿದ. ಮುಖ ಇಳಿದುಹೋಯಿತು. "ಎರಡು ತಗಡು ಅದಲುಬದಲಾಗಿದೆ. ತಪ್ಪು ನಂದೇ."

ಜಗಳಕ್ಕೆಂದು ತೋಳೇರಿಸಿಕೊಂಡು ಬಂದವಳಿಗೆ ಎದುರಾಳಿಯೇ ಇಲ್ಲದ ಹಾಗಾಯಿತು.

"ಎಲ್ಲಾ ಕಂಬಾನೂ ಇನ್ನೊಂದ್ಸಲ ನೋಡ್ಕೊಂಡು ಬರ್ತೀನಿ," ಅಂದ.

"ನಾನೂರು ಕಂಬ! ಒಬ್ರೇ ಹೋದ್ರೆ ಮತ್ತೆ ನಾನೂರು ತಪ್ಪು ಮಾಡ್ತೀರಾ. ನಾಳೆ ಬೆಳಗ್ಗೆ ಆರಕ್ಕೆ ಬನ್ನಿ, ನಾನೇ ತೋರಿಸ್ತೀನಿ."

ಹೀಗೆ ಶುರುವಾಯಿತು. ದಿನವೂ ಡ್ಯೂಟಿಗೆ ಮೊದಲು ಇಬ್ಬರೂ ಬೀದಿ ಬೀದಿ ನಡೆದರು. ಅವನು ಸ್ಕ್ಯಾನ್ ಮಾಡುತ್ತಿದ್ದ, ಮ್ಯಾಪಿನಲ್ಲಿ ಚುಕ್ಕೆ ಬೀಳುತ್ತಿತ್ತು. ಅವಳು ಇಣುಕಿ, "ಇನ್ನೂ ನಾಲ್ಕು ಹೆಜ್ಜೆ ಎಡಕ್ಕೆ ಬರ್ಬೇಕು," ಎನ್ನುತ್ತಿದ್ದಳು. ಯಾವ ಕಂಬ ಗಾಳಿಗೆ ಗುಂಯ್‌ಗುಡುತ್ತದೆ, ಯಾವುದರ ಬುಡ ತುಕ್ಕು ಹಿಡಿದಿದೆ, ಯಾವುದರ ಮೇಲೆ ಕಾಗೆ ಸಂಸಾರ ಹೂಡಿದೆ, ಎಲ್ಲವೂ ಅವಳಿಗೆ ಬಾಯಿಪಾಠ. ಮುಂದಿನದಕ್ಕೆ ಹೊರಡುವ ಮೊದಲು ಪ್ರತಿ ಕಂಬವನ್ನೂ ಒಮ್ಮೆ ಮೆಲ್ಲಗೆ ತಟ್ಟುತ್ತಿದ್ದಳು, ದನಕರುವಿನ ಬೆನ್ನು ತಟ್ಟುವ ಹಾಗೆ. ಅವನು ಅದನ್ನೇ ನೋಡುತ್ತ ನಿಲ್ಲುತ್ತಿದ್ದ.

"ರೀ, ಕೋಡು ಆ ಕಡೆ ಇದೆ."

"ಗೊತ್ತು."

"ಮತ್ತೆ ಈ ಕಡೆ ಏನು ಸ್ಕ್ಯಾನ್ ಮಾಡ್ತಿದೀರಾ?"

ಅವನ ಕಿವಿ ಕೆಂಪಾಯಿತು. ಅವಳು ಮುಖ ತಿರುಗಿಸಿಕೊಂಡು ನಕ್ಕಳು.

ಒಂದು ದಿನ ಅವಳೇ ಹೇಳಿದಳು. "ಎರಡು ಸಂಬಂಧ ಬಂದಿತ್ತು. ಇಬ್ಬರಿಗೂ ನಾನು ಒಪ್ಪಿಗೆ. ಆದ್ರೆ ಕಂಬದಿಂದ ಇಳೀಬೇಕಂತೆ. ಕಾಫಿ ಕೊಟ್ಟು ಕಳಿಸ್ಬಿಟ್ಟೆ."

ಅವನು ಮುಂದಿನ ಕಂಬದ ಕೋಡಿಗೆ ಫೋನು ಹಿಡಿದ. ಏನೂ ಅನ್ನಲಿಲ್ಲವಲ್ಲ ಎಂದು ಅವಳಿಗೆ ದಿನವಿಡೀ ಕೊರೆಯಿತು.

ನಾನೂರೂ ಮುಗಿದ ವಾರಕ್ಕೆ ಒಂದು ಮಧ್ಯಾಹ್ನ ಬಿರುಗಾಳಿ ಎದ್ದಿತು. ಶಾಲೆಯ ಹಿಂದೆ ತಂತಿ ಕಡಿದು ನೇತಾಡುತ್ತಿತ್ತು. ಆ ಶಾಲೆಯ ಹಿಂದೆ ಮೂರು ಓಣಿ. ಬರೀ ಬಾಯಿಮಾತಿನ ವಿಳಾಸವಾಗಿದ್ದರೆ ಹುಡುಕಾಟಕ್ಕೇ ಅರ್ಧ ಗಂಟೆ ಬೇಕು. ಟೀಚರೊಬ್ಬರು ಪಕ್ಕದ ಕಂಬದ ಕೋಡ್ ಸ್ಕ್ಯಾನ್ ಮಾಡಿ ಕಳಿಸಿದರು. ಆರೇ ನಿಮಿಷಕ್ಕೆ ಲೈನಕ್ಕ ಅದೇ ಕಂಬದ ಬುಡದಲ್ಲಿದ್ದಳು. ಲೈನ್ ಆಫ್ ಮಾಡಿಸಿ, ಗಾಳಿ ತಗ್ಗಿದ್ದೇ ತಡ, ಮೇಲೇರಿದಳು.

ಸುದ್ದಿ ಕೇಳಿ ಅವನು ಅಂಗಡಿಗೆ ಬೀಗವನ್ನೂ ಹಾಕದೆ ಓಡಿಬಂದಿದ್ದ. ಕೆಲಸ ಮುಗಿಯುವವರೆಗೂ ಕತ್ತು ಮೇಲೆತ್ತಿ ನಿಂತೇ ಇದ್ದ.

ಇಳಿದು ಬಂದ ಲೈನಕ್ಕ ಅವನ ಮುಖ ನೋಡಿದಳು. ರಕ್ತವೇ ಇಲ್ಲದಂತೆ ಬಿಳಿಚಿಕೊಂಡಿತ್ತು. ಇವನೂ ಅದನ್ನೇ ಹೇಳಿದರೆ? ಆ ಇಬ್ಬರನ್ನು ಕಳಿಸಿದಷ್ಟು ಸಲೀಸಾಗಿ ಇವನನ್ನು ಕಳಿಸುವುದು ಅವಳಿಂದಾಗದು.

"ಹೇಳಿಬಿಡಿ," ಅಂದಳು.

"ಏನು?"

"ಇನ್ನು ಹತ್ತಬೇಡಿ ಅಂತ."

"ಹೆದರಿಕೆ ಆಯ್ತು. ಸುಳ್ಳು ಯಾಕೆ, ಜೀವ ಬಾಯಿಗೇ ಬಂದಿತ್ತು. ಆದ್ರೆ ಅದು ನನ್ನ ಹೆದರಿಕೆ, ನಾನು ನೋಡ್ಕೋತೀನಿ. ಅದಕ್ಕೋಸ್ಕರ ನೀವ್ಯಾಕೆ ಇಳೀಬೇಕು?" ಅವನು ಶಾಲೆಯ ಕಡೆ ಕೈ ತೋರಿದ. "ಆ ಟೀಚರು ಕೇಳಿದ್ರು, ಮೇಲಿರೋದು ಯಾರು ಅಂತ. ಎದೆ ಉಬ್ಬಿಸಿ 'ನಮ್ಮೋರು' ಅಂದ್ಬಿಟ್ಟೆ."

ಲೈನಕ್ಕನ ಹುಬ್ಬು ಏರಿತು. "ನಮ್ಮೋರಾ? ಯಾರನ್ನ ಕೇಳಿ ಅಂದ್ರಿ?"

"ಈಗ ಕೇಳ್ತಿದೀನಿ."

ಅವಳು ಕೈಗವಸುಗಳನ್ನು ಒಂದೊಂದಾಗಿ ಬಿಚ್ಚಿದಳು. ಕಣ್ಣು ತುಂಬಿದ್ದು ಕಾಣಬಾರದೆಂದು ಬೆಲ್ಟಿನ ಕೊಂಡಿಯನ್ನು ಸುಮ್ಮನೆ ಎಳೆದು ನೋಡಿದಳು. ಆಮೇಲೆ ತಲೆಯೆತ್ತಿದಳು.

"ಬಹುವಚನ ಸಾಕು. 'ನಮ್ಮೋಳು' ಅನ್ನು."

ಅವನು ಪಿಸುಗುಟ್ಟಿದ.

"ಕೇಳಿಸ್ಲಿಲ್ಲ."

ಕೈಕಟ್ಟಿ ನಿಂತಿದ್ದ ಟೀಚರು, ಕಿಟಕಿಗೆ ಜೋತುಬಿದ್ದಿದ್ದ ಮಕ್ಕಳು, ಓಣಿಯ ಜನ, ಎಲ್ಲರ ಕಡೆಗೂ ತಿರುಗಿ ಅವನು ಅಂದ. ಮೂರು ಓಣಿಗೂ ಕೇಳುವ ಹಾಗೆ ಅಂದ.