ಬಾಗಿಲಿಗೆ ಬೆನ್ನು ಹಾಕಿ ಕೂತವನು

"ಅರ್ಧ ಮಾರ್ಕಿನ ಮೇಡಂ, ಈ ವರ್ಷಾನೂ ನನ್ನ ಟೇಬಲ್ಲಿಗೇ ಬಂದ್ರಾ?"

ಆ ದನಿ ಕೇಳಿದ್ದೇ ತಡ, ಅವಳ ಕೈಯಲ್ಲಿದ್ದ ಉತ್ತರಪತ್ರಿಕೆಗಳ ಕಟ್ಟು ದೊಪ್ಪನೆ ಮೇಜಿನ ಮೇಲೆ ಬಿತ್ತು. ಅವನೇ! ಅದೇ ನೀಲಿ ಅಂಗಿ, ಅದೇ ಹಸಿರು ಪೆನ್ನು... ಮುಖ ಮಾತ್ರ ಒಂದೇ ವರ್ಷದಲ್ಲಿ ಸೊರಗಿತ್ತು.

"ಪಟ್ಟೀಲಿ ಹಾಕಿದ್ದಾರೆ, ಬಂದಿದ್ದೀನಿ. ನನ್ನಿಷ್ಟ ಯಾರು ಕೇಳ್ತಾರೆ?" ಎಂದವಳೇ ಕುರ್ಚಿ ಎಳೆದುಕೊಂಡಳು.

ಮೌಲ್ಯಮಾಪನ ಕೇಂದ್ರದ ಆ ಉದ್ದನೆಯ ಕೋಣೆಯಲ್ಲಿ ನಲವತ್ತು ಮಂದಿ ಸಮಾಜಶಾಸ್ತ್ರದ ಅಧ್ಯಾಪಕರು ತಲೆ ಬಗ್ಗಿಸಿ ಕೂತಿದ್ದರು. ಅವನು ಅವಳ ಮೇಜಿನ ಮುಖ್ಯಸ್ಥ. ಅವಳು ಹಾಕಿದ ಅಂಕಕ್ಕೆ ಅವನ ಸಹಿ ಬೀಳಬೇಕು. ಅರ್ಧ ಅಂಕಕ್ಕೂ ಅವಳು ಜಗಳಕ್ಕೆ ನಿಲ್ಲುತ್ತಿದ್ದಳು. ಅಡ್ಡಹೆಸರು ಹುಟ್ಟಿದ್ದು ಹಾಗೆ. ಪ್ರೀತಿ ಹುಟ್ಟಿದ್ದೂ ಹಾಗೆಯೇ!

ಕಳೆದ ವರ್ಷ ಕೊನೆಯ ದಿನ ಅವಳೇ ಬಾಯಿಬಿಟ್ಟು ಹೇಳಿದ್ದಳು, "ನಂಗೆ ನೀವು ಬೇಕು."

ಅವನ ಕಣ್ಣು ತುಂಬಿತ್ತು. "ನಾಳೆ ಫೋನ್ ಮಾಡ್ತೀನಿ" ಎಂದಿದ್ದ.

ಅವಳ ಮನೆಯಲ್ಲಿ ಹೊರಟವರನ್ನು ಬೀದಿಯ ತಿರುವಿನವರೆಗೂ ಹೋಗಿ ಬೀಳ್ಕೊಡುವುದು ರೂಢಿ. ಇವನು ಅಂದು ಈ ಕೋಣೆಯ ಬಾಗಿಲವರೆಗೂ ಬರಲಿಲ್ಲ. ಹೊಸ್ತಿಲಲ್ಲಿ ನಿಂತು ತಿರುಗಿ ನೋಡಿದರೆ, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಅವಳಿಗೆ ಬೆನ್ನು ಹಾಕಿ ಕೂತಿದ್ದ!

'ಬೇಡ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಹೇಳೋಕಾಗುತ್ತಾ?' ಮರುದಿನದಿಂದ ಹನ್ನೊಂದು ಸಲ ಅವನ ಫೋನು ಬಂತು. ಅವಳು ಎತ್ತಲಿಲ್ಲ.

ಈಗ ಅವಳಿಗೆ ಮೂವತ್ತೈದು. ದೊಡ್ಡಮ್ಮ ಒಂದು ಸಂಬಂಧ ಹಿಡಿದು ತಂದಿದ್ದರು. "ಇವತ್ತು ಸಂಜೆ ಹೂಂ ಅನ್ನು, ಇಲ್ಲ ಉಹೂಂ ಅನ್ನು. ಅವರು ಇನ್ನು ಕಾಯಲ್ಲ ಕಣೇ!" ಹೂಂ ಎಂದುಬಿಡುವುದೆಂದು ಅವಳು ಬೆಳಿಗ್ಗೆಯೇ ನಿರ್ಧರಿಸಿದ್ದಳು. ಇಷ್ಟವಾಗಿ ಅಲ್ಲ, ಸಾಕಾಗಿ.

'ಸಂಸ್ಕೃತಿಯ ಮೂಲಾಂಶಗಳನ್ನು ಉದಾಹರಣೆಯೊಂದಿಗೆ ವಿವರಿಸಿ.' ಸಂಕೇತ, ಭಾಷೆ, ಮೌಲ್ಯ, ರೂಢಿ, ಬಳಕೆಯ ವಸ್ತು... ಮೂವತ್ತು ಪತ್ರಿಕೆಯಲ್ಲೂ ಗೈಡಿನ ಅದೇ ಸಾಲು. ಸಂಕೇತಕ್ಕೆ ಎಲ್ಲರದ್ದೂ ರಸ್ತೆಯ ಕೆಂಪು ದೀಪವೇ. 'ಕೆಂಪು ದೀಪ ನೋಡಿ ನೋಡಿ ನನ್ನ ಬದುಕೇ ನಿಂತುಹೋಗಿದೆ' ಎಂದುಕೊಳ್ಳುತ್ತಾ ಮೂವತ್ತೊಂದನೆಯದನ್ನು ಬಿಡಿಸಿದಳು.

'ಒಂದೇ ನಡತೆಗೆ ಒಂದೊಂದು ಕಡೆಯ ಜನರಲ್ಲಿ ಒಂದೊಂದು ಅರ್ಥ. ನಮ್ಮ ಕಡೆ, ತುಂಬಾ ಬೇಕಾದವರು ಹೊರಟಾಗ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಾರೆ. ಹೋಗುವುದನ್ನು ನೋಡಿದರೆ ಅವರು ಮರಳಿ ಬರುವುದಿಲ್ಲವೆಂಬ ನಂಬಿಕೆ. ಹೊರಗಿನವರು ಇದನ್ನು ಕೋಪವೆಂದು ತಿಳಿಯುತ್ತಾರೆ.'

ಅವಳು ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು. ಪತ್ರಿಕೆಯನ್ನು ಅವನ ಮುಂದೆ ಸರಿಸಿದಳು.

"ಈ ಉದಾಹರಣೆ... ಗೈಡಲ್ಲಿಲ್ಲ. ಸರೀನಾ?"

ಅವನು ಓದಿದ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ಪೂರ್ತಿ ಮಾರ್ಕ್ಸ್ ಕೊಡಿ."

"ನಿಜ ಅನ್ನೋದಕ್ಕೆ ಸಾಕ್ಷಿ?"

"ನಾನೇ ಸಾಕ್ಷಿ. ಅಪ್ಪ ಕೆಲಸಕ್ಕೆ ಅಂತ ದೂರ ಹೊರಟಾಗಲೆಲ್ಲ ಅಮ್ಮ ಹಾಗೇ ಕೂರೋರು."

"ಹೋದ ವರ್ಷ... ನೀವು..."

"ಬೇರೆ ಯಾರಿಗೂ ನಾನು ಹಾಗೆ ಕೂತಿಲ್ಲ."

ಅವಳಿಗೆ ಅಳು ಉಕ್ಕಿ ಬಂತು, ಅದರ ಹಿಂದೆಯೇ ಸಿಟ್ಟು. "ಒಂದು ಮಾತು ಹೇಳಬಾರದಿತ್ತಾ?"

"ಒಂದು ಫೋನು ಎತ್ತಬಾರದಿತ್ತಾ?"

"ಮೇಷ್ಟ್ರು ನೀವು! ಎಲ್ಲರ ಮನೇಲೂ ಹಾಗೆ ಮಾಡಲ್ಲ ಅಂತ ಗೊತ್ತಾಗಲಿಲ್ವಾ?"

"ನಮ್ಮನೆ ರೂಢಿ ನಮಗೆ ರೂಢಿ ಅಂತಾನೇ ಅನ್ಸಲ್ಲ ಮೇಡಂ... ಎಲ್ಲರೂ ಹೀಗೇ ಇರ್ತಾರೆ ಅನ್ಕೊಂಡಿರ್ತೀವಿ."

ಹತ್ತು ವರ್ಷದಿಂದ ಅವಳೂ ಅದೇ ಪಾಠ ಮಾಡುತ್ತಿದ್ದಳು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ದಣಿದ ಮುಖದಲ್ಲೇ ಇಬ್ಬರಿಗೂ ನಗು ಬಂತು.

ಸಂಜೆ ಗಂಟೆ ಬಾರಿಸಿತು. ಮೊಹರು ಹಾಕಿದ ಕಟ್ಟುಗಳನ್ನು ಅವನು ಮುಖ್ಯ ಕಚೇರಿಗೆ ಒಪ್ಪಿಸಿ ಬರಬೇಕಿತ್ತು. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು.

"ಉಹೂಂ, ದೊಡ್ಡಮ್ಮ. ಆಗಲ್ಲ. ಮನೆಗೆ ಬಂದು ಎಲ್ಲಾ ಹೇಳ್ತೀನಿ."

ಅವನು ಕಟ್ಟುಗಳನ್ನೆತ್ತಿಕೊಂಡು ಬಾಗಿಲ ಕಡೆ ಹೊರಟ. ಎದ್ದು ಹಿಂದೆ ಹೋಗಲು ಅವಳ ಕಾಲು ತವಕಿಸಿತು. ಹೋಗಲಿಲ್ಲ. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತಳು.

ಅವನ ಹೆಜ್ಜೆ ಸದ್ದು ಹೊಸ್ತಿಲಲ್ಲಿ ನಿಂತಿತು.

"ಒಂದ್ಸಲ ತಿರುಗಿ ನೋಡಬಾರದಾ?" ಎಂದ.

"ಉಹೂಂ. ನೀವು ವಾಪಸ್ ಬರಬೇಕು."

"ಅರ್ಧ ಗಂಟೇಲಿ ಬರ್ತೀನಿ."

"ಬಂದ ಮೇಲೆ ನಮ್ಮನೆ ರೂಢಿ. ತಿರುವಿನವರೆಗೂ ನನ್ನ ಜೊತೆ ನಡೀಬೇಕು."

"ತಿರುವಿನವರೆಗೆ ಮಾತ್ರಾನಾ?"

ಅವಳು ಗೋಡೆಗೇ ನಕ್ಕಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಅರ್ಧ ಮಾರ್ಕೂ ಬಿಡಲ್ಲ ಅಲ್ವಾ ನೀವು... ಹೋಗಿ, ಬೇಗ ಬನ್ನಿ."